ಮಠದ ತೋಟದ ಲೆಕ್ಕ: ವಂದನೀಯ ಗ್ರೆಗೊರ್ ಮೆಂಡೆಲ್‌ರ ಬಾಳು

ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಡೆಂಕನಮರಡಿಯ ಮೇಲೆ ಗೊರವಯ್ಯನವರು ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ಕೇಳಲು ನಾಡಿನ ಮೂಲೆ ಮೂಲೆಗಳಿಂದ ಜನ ಸೇರುತ್ತಾರೆ. ಆ ಒಂದು ನುಡಿಯಲ್ಲಿ ಬರುವ ವರ್ಷದ ಮಳೆ ಬೆಳೆಯ ಸೂಚನೆಯನ್ನು ಹುಡುಕುತ್ತಾ ಊರಿಗೆ ಮರಳುತ್ತಾರೆ. ಕೆಲವು ತಿಂಗಳು ಕಳೆದು ರೋಹಿಣಿ ಮಳೆಯ ಮೋಡ ಕವಿಯುವ ಹೊತ್ತಿಗೆ ಅದೇ ಜನ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಬೀಜದಂಗಡಿಗಳ ಮುಂದೆ ನಿಂತಿರುತ್ತಾರೆ. ನಮ್ಮ ವಿಶ್ವಾಸಿಗಳಲ್ಲಿ ಒಬ್ಬ ರೈತರು ಒಂದು ವರ್ಷ ಹಾಗೆ ನಿಲ್ಲಲಿಲ್ಲ. ಕೈಯಲ್ಲಿ ಹಣವಿರಲಿಲ್ಲವಾದ್ದರಿಂದ, ಹಿಂದಿನ ವರ್ಷ ಸೊಗಸಾಗಿ ಬಂದಿದ್ದ ಹೈಬ್ರಿಡ್ ಮೆಕ್ಕೆಜೋಳದ ದಪ್ಪ ತೆನೆಗಳನ್ನೇ ಆರಿಸಿಟ್ಟು ಬಿತ್ತಿದರು. ಹೊಲದಲ್ಲಿ ಒಂದು ಗಿಡ ಆಳೆತ್ತರ, ಪಕ್ಕದ್ದು ಸೊಂಟದೆತ್ತರ. ಒಂದರ ತೆನೆ ತುಂಬಿದ್ದರೆ ಇನ್ನೊಂದರದು ಅರೆಬರೆ. ಭಾನುವಾರದ ಬಲಿಪೂಜೆಯ ನಂತರ ಅವರು ನನ್ನಲ್ಲಿಗೆ ಬಂದು, ಅಜ್ಜನ ಕಾಲದ ಜವಾರಿ ಜೋಳ ವರ್ಷ ವರ್ಷವೂ ಇದ್ದ ಹಾಗೆಯೇ ಬರುತ್ತಿತ್ತು, ಈ ಬೀಜಕ್ಕೆ ಕಂಪನಿಯವರು ಏನಾದರೂ ಮದ್ದು ಹಾಕಿರುತ್ತಾರೆಯೇ ಎಂದು ಕೇಳಿದರು. ಮದ್ದಲ್ಲ, ಅದು ಸೃಷ್ಟಿಯ ಒಂದು ನಿಯಮ. ಆ ನಿಯಮವನ್ನು ಮೊದಲು ಕಂಡವರು ಶಿಕ್ಷಕರ ಪರೀಕ್ಷೆಯಲ್ಲಿ ಎರಡು ಬಾರಿ ಸೋತ ಒಬ್ಬ ಕಥೋಲಿಕ ಯಾಜಕರು ಎಂದಾಗ ಅವರು ನಂಬಲಿಲ್ಲ. ಅವರಿಗಾಗಿಯೂ, ಶಾಲೆಯ ಪಾಠದಲ್ಲಿ ಮೆಂಡೆಲ್ ಎಂಬ ಹೆಸರನ್ನು ಓದಿಯೂ ಆತ ಗುರುವೆಂದು ತಿಳಿಯದ ನಮ್ಮ ಮಕ್ಕಳಿಗಾಗಿಯೂ ಈ ಬಾಳಿನ ಕಥೆಯನ್ನು ಬರೆಯುತ್ತಿದ್ದೇನೆ.

ಈಗಿನ ಚೆಕ್ ಗಣರಾಜ್ಯದಲ್ಲಿರುವ, ಅಂದು ಆಸ್ಟ್ರಿಯದ ಸಾಮ್ರಾಜ್ಯಕ್ಕೆ ಸೇರಿದ್ದ ಹೈಂಟ್ಸೆನ್‌ಡೋರ್ಫ್ ಎಂಬ ಹಳ್ಳಿಯಲ್ಲಿ 1822ರ ಜುಲೈ ತಿಂಗಳಲ್ಲಿ ಅವರು ಹುಟ್ಟಿದರು. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಯೋಹಾನ್. ತಂದೆ ಆಂಟೋನ್ ಮೆಂಡೆಲ್ ಸಣ್ಣ ಹಿಡುವಳಿದಾರರು. ವಾರಕ್ಕೆ 3 ದಿನ ಜಮೀನ್ದಾರನ ಭೂಮಿಯಲ್ಲಿ ಬಿಟ್ಟಿ ದುಡಿದು, ಉಳಿದ ದಿನಗಳಲ್ಲಿ ತಮ್ಮ ಹೊಲವನ್ನು ನೋಡಿಕೊಳ್ಳಬೇಕಿತ್ತು. ತಾಯಿ ರೋಸಿನಾ ತೋಟಗಾರರ ಮನೆತನದವರು. ಆ ಊರಿನ ಧರ್ಮಕೇಂದ್ರದ ಗುರುಗಳಾಗಿದ್ದ ಯೋಹಾನ್ ಷ್ರೈಬರ್ ಎಂಬವರಿಗೆ ಹಣ್ಣಿನ ಗಿಡಗಳೆಂದರೆ ಜೀವ. ಒಳ್ಳೆಯ ತಳಿಗಳ ಕಡ್ಡಿ ತರಿಸಿ ರೈತರಿಗೆ ಹಂಚುವುದು, ಶಾಲೆಯ ಮಕ್ಕಳಿಗೆ ಕಸಿ ಕಟ್ಟುವುದನ್ನೂ ಜೇನು ಸಾಕುವುದನ್ನೂ ಕಲಿಸುವುದು ಅವರ ಪಾಲಿಗೆ ಗುರುಸೇವೆಯ ಒಂದು ಭಾಗವೇ ಆಗಿತ್ತು. ಬಾಲಕ ಯೋಹಾನ್ ಆ ತೋಟದಲ್ಲಿ ಕಲಿತದ್ದನ್ನು ಕೊನೆಯವರೆಗೂ ಮರೆಯಲಿಲ್ಲ. ದೊಡ್ಡವರ ಚರಿತ್ರೆಗಳಲ್ಲಿ ಇಂತಹ ಹಳ್ಳಿಯ ಗುರುಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ನಾನು ಅವರಿಗೆ ನಾಲ್ಕು ಸಾಲು ಕೊಟ್ಟಿದ್ದೇನೆ.

ಓದಿನಲ್ಲಿ ಚುರುಕಾಗಿದ್ದ ಹುಡುಗನನ್ನು ದೂರದ ಟ್ರೊಪ್ಪಾವು ಪಟ್ಟಣದ ಪ್ರೌಢಶಾಲೆಗೆ ಕಳುಹಿಸಿದರು. ಊಟದ ಪೂರ್ಣ ವೆಚ್ಚ ಕೊಡಲು ಮನೆಯವರಿಗೆ ಶಕ್ತಿಯಿರಲಿಲ್ಲ. ಊರಿನಿಂದ ಬಂಡಿಯಲ್ಲಿ ಬರುವ ರೊಟ್ಟಿ ಬೆಣ್ಣೆಯ ಮೇಲೆ ಅರೆಹೊಟ್ಟೆಯಲ್ಲಿ ಕಳೆದ ದಿನಗಳು ಹಲವು. 1838ರಲ್ಲಿ ಬಿಟ್ಟಿ ದುಡಿಮೆಯ ವೇಳೆ ಮರದ ದಿಮ್ಮಿ ಉರುಳಿ ಬಿದ್ದು ತಂದೆಯ ಎದೆಗೆ ಪೆಟ್ಟಾಯಿತು; ಅಲ್ಲಿಂದ ಮುಂದೆ ಅವರಿಗೆ ಮೊದಲಿನಂತೆ ದುಡಿಯಲಾಗಲಿಲ್ಲ. ಹದಿನಾರರ ಹುಡುಗ ಇತರ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡ. ನಂತರ ಓಲ್ಮುಟ್ಸ್‌ನ ತತ್ವಶಾಸ್ತ್ರದ ವಿದ್ಯಾಲಯಕ್ಕೆ ಸೇರುವಾಗ ಕೈ ಬರಿದಾಗಿತ್ತು. ಆಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದಂಶವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಹೆಣ್ಣುಮಗಳ ಪಾಲಿನ ಹಣವೆಂದರೆ ಏನೆಂದು ನಮ್ಮ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಅಣ್ಣ ಆ ಋಣವನ್ನು ತೀರಿಸಿದರು; ತೆರೇಸಿಯಾಳ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸದ ಭಾರವನ್ನು ಹೊತ್ತರು, ಅವರಲ್ಲಿ ಇಬ್ಬರು ವೈದ್ಯರಾದರು.

ಭೌತಶಾಸ್ತ್ರದ ಅಧ್ಯಾಪಕರೊಬ್ಬರ ಶಿಫಾರಸಿನ ಮೇಲೆ 1843ರಲ್ಲಿ ಯೋಹಾನ್ ಬ್ರನೊ ನಗರದ ಸಂತ ತೋಮಾಸರ ಮಠವನ್ನು ಸೇರಿ, ಗ್ರೆಗೊರ್ ಎಂಬ ಸನ್ಯಾಸದ ಹೆಸರನ್ನು ಪಡೆದರು. ಅದು ಸಂತ ಅಗಸ್ಟೀನರ ಸಭೆಗೆ ಸೇರಿದ ಮಠ. ಅನ್ನದ ಚಿಂತೆಯಿಂದ ಬಿಡುಗಡೆಯೂ ಅಲ್ಲಿಗೆ ಸೇರಲು ಒಂದು ಕಾರಣವೆಂಬುದನ್ನು ಅವರು ಮುಚ್ಚಿಡಲಿಲ್ಲ. ಇದನ್ನು ಓದಿ ಮೂಗು ಮುರಿಯುವವರಿದ್ದಾರೆ. ದೈವಕರೆ ಬಡತನದ ಬಾಗಿಲಿನಿಂದಲೂ ಬರಬಲ್ಲದು ಎಂದು, ಗುರುಮಠದಲ್ಲಿ ಹಲವು ಬಡ ಸಹಪಾಠಿಗಳೊಂದಿಗೆ ಕಲಿತ ನಾನು ಹೇಳಬಲ್ಲೆ. ಮಠಾಧಿಪತಿ ಸಿರಿಲ್ ನಾಪ್ ವಿಶಾಲ ಮನಸ್ಸಿನವರು. ಕುರಿ ಸಾಕಣೆ, ದ್ರಾಕ್ಷಿ, ಸೇಬಿನ ತಳಿಗಳ ಸುಧಾರಣೆ ಇವುಗಳಲ್ಲಿ ಅವರಿಗೆ ಆಸಕ್ತಿ. ತಂದೆತಾಯಿಯ ಗುಣ ಸಂತತಿಗೆ ಹೇಗೆ ಇಳಿಯುತ್ತದೆ ಎಂಬ ಪ್ರಶ್ನೆ ಆ ಸೀಮೆಯ ಕುರಿಗಾರರ ನಡುವೆ ಆಗಲೇ ಚರ್ಚೆಯಲ್ಲಿತ್ತು.

1847ರಲ್ಲಿ ಗುರುದೀಕ್ಷೆಯಾಯಿತು. ರೋಗಿಗಳ ಸಂದರ್ಶನದ ಹೊಣೆ ಬಿದ್ದಾಗ ನೋವಿನ ನೋಟವನ್ನು ತಾಳಲಾರದೆ ಗ್ರೆಗೊರ್ ತಾವೇ ಹಾಸಿಗೆ ಹಿಡಿದರು. ಬೇರೊಬ್ಬ ಹಿರಿಯರಾಗಿದ್ದರೆ ಗದರಿಸುತ್ತಿದ್ದರೇನೋ. ನಾಪ್ ಅವರನ್ನು ಶಾಲೆಯಲ್ಲಿ ಪಾಠ ಹೇಳಲು ಕಳುಹಿಸಿದರು. ಪಾಠ ಎಲ್ಲರಿಗೂ ಮೆಚ್ಚುಗೆಯಾಯಿತು, ಆದರೆ ಕಾಯಂ ಶಿಕ್ಷಕರಾಗಲು ಬೇಕಾದ ಪರೀಕ್ಷೆಯಲ್ಲಿ 1850ರಲ್ಲಿ ಅವರು ಸೋತರು. ನಾಪ್ ಅವರನ್ನು ವಿಯೆನ್ನ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. 1851ರಿಂದ 1853ರವರೆಗೆ ಡಾಪ್ಲರ್‌ರ ಬಳಿ ಭೌತಶಾಸ್ತ್ರವನ್ನೂ ಫ್ರಾಂಟ್ಸ್ ಉಂಗರ್‌ರ ಬಳಿ ಸಸ್ಯಶಾಸ್ತ್ರವನ್ನೂ ಕಲಿತರು. 1856ರಲ್ಲಿ ಮತ್ತೆ ಪರೀಕ್ಷೆಗೆ ಕುಳಿತು, ನಡುವೆಯೇ ಕುಸಿದು, ಬರಿಗೈಯಲ್ಲಿ ಹಿಂದಿರುಗಿದರು. ಹದಿನಾಲ್ಕು ವರ್ಷ ಬ್ರನೊದ ಶಾಲೆಯಲ್ಲಿ ಅವರು ಕಲಿಸಿದ್ದು ಬದಲಿ ಶಿಕ್ಷಕರಾಗಿಯೇ.

ಆ ಸೋಲಿನ ವರ್ಷದಲ್ಲೇ ಮಠದ ತೋಟದ ಬಟಾಣಿಯ ಪ್ರಯೋಗ ಮೊದಲಾಯಿತು. ತೋಟದ ತುಂಡು ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲ. ಮೊದಲ 2 ವರ್ಷ ಬೀಜ ವ್ಯಾಪಾರಿಗಳಿಂದ ತರಿಸಿದ 34 ಬಗೆಯ ಬಟಾಣಿಯನ್ನು ಬೆಳೆದು, ಯಾವುದು ಬೆರಕೆಯಿಲ್ಲದೆ ತನ್ನಂತೆಯೇ ಸಂತಾನ ಕೊಡುತ್ತದೆಂದು ನೋಡಿಕೊಂಡರು. ಬಳಿಕ 7 ಜೋಡಿ ಗುಣಗಳನ್ನು ಆರಿಸಿದರು: ದುಂಡು ಕಾಳು ಮತ್ತು ಸುಕ್ಕು ಕಾಳು, ಹಳದಿ ಕಾಳು ಮತ್ತು ಹಸಿರು ಕಾಳು, ಎತ್ತರದ ಬಳ್ಳಿ ಮತ್ತು ಗಿಡ್ಡ ಬಳ್ಳಿ, ಹೀಗೆ. ಕೈಕೆಲಸ ನಮ್ಮವರಿಗೆ ಹೊಸದಲ್ಲ. ನದಿಯಾಚೆಯ ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಸಂಜೆ ಹತ್ತಿಯ ಮೊಗ್ಗಿನ ಕೇಸರಗಳನ್ನು ಬಿಡಿಸಿಟ್ಟು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವನ್ನು ತಂದು ಅದರ ಪರಾಗವನ್ನು ಸವರುತ್ತಾರಲ್ಲ, ಕ್ರಾಸಿಂಗ್ ಎಂದು ಕರೆಯುವ ಆ ಕೆಲಸವನ್ನೇ ಮೆಂಡೆಲ್‌ರು ಸಣ್ಣ ಚಿಮಟ ಹಿಡಿದು ಬಟಾಣಿಯ ಮೊಗ್ಗಿನಲ್ಲಿ ಮಾಡಿ, ಹುಳುಗಳು ಬೇರೆ ಪರಾಗ ತರದಂತೆ ಹೂವಿಗೆ ಚೀಲ ಕಟ್ಟುತ್ತಿದ್ದರು. 1863ರವರೆಗೆ ಅವರು ಬೆಳೆದು ನೋಡಿದ ಗಿಡಗಳು ಸುಮಾರು 28,000.

ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಬಂದ ಮೊದಲ ಪೀಳಿಗೆಯೆಲ್ಲ ದುಂಡು. ಸುಕ್ಕು ಎಂಬ ಗುಣ ಅಳಿದೇ ಹೋಯಿತೆಂದು ಯಾರಾದರೂ ತಿಳಿಯಬಹುದಿತ್ತು. ಆ ದುಂಡು ಕಾಳುಗಳನ್ನು ಬಿತ್ತಿ, ತಮ್ಮಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟಾಗ ಸುಕ್ಕು ಮರಳಿ ಬಂತು. ಒಟ್ಟು 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಬಣ್ಣದ ಲೆಕ್ಕದಲ್ಲಿ 6,022 ಹಳದಿ, 2,001 ಹಸಿರು. ಏಳು ಗುಣಗಳಲ್ಲೂ ಅದೇ ಕಥೆ, ಮೂರಕ್ಕೆ ಒಂದು. ಅವರಿಗೆ ಮುಂಚೆಯೂ ಬಟಾಣಿಯನ್ನು ಕೂಡಿಸಿದವರಿದ್ದರು. ಎಲ್ಲವನ್ನೂ ಪೀಳಿಗೆ ಪೀಳಿಗೆಯಾಗಿ ಬೇರ್ಪಡಿಸಿ ಎಣಿಸಿದವರಿರಲಿಲ್ಲ. ಹಾಲಿಗೆ ನೀರು ಬೆರೆತಂತೆ ತಂದೆತಾಯಿಯ ಗುಣಗಳು ಮಕ್ಕಳಲ್ಲಿ ಬೆರೆತು ಹೋಗುತ್ತವೆಂಬುದು ಆ ಕಾಲದ ವಿದ್ವಾಂಸರ ಎಣಿಕೆ. ಬೆರೆತ ನೀರನ್ನು ಹಾಲಿನಿಂದ ಮರಳಿ ತೆಗೆಯಲಾಗದು. ಸುಕ್ಕು ಕಾಳು ಮಾತ್ರ ಒಂದು ಪೀಳಿಗೆ ಮರೆಯಲ್ಲಿದ್ದು ಅಚ್ಚಳಿಯದೆ ಹೊರಬಂತು. ಆದುದರಿಂದ ಪ್ರತಿ ಗುಣಕ್ಕೂ ಗಿಡದೊಳಗೆ ಎರಡು ಅಂಶಗಳಿವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಪರಾಗವೂ ಅಂಡವೂ ರೂಪುಗೊಳ್ಳುವಾಗ ಆ ಜೋಡಿ ಬೇರ್ಪಟ್ಟು ಒಂದೊಂದರಲ್ಲಿ ಒಂದೇ ಅಂಶ ಉಳಿಯುತ್ತದೆ ಎಂದು ಮೆಂಡೆಲ್‌ರು ತರ್ಕಿಸಿದರು. ಗುರುಮಠದಲ್ಲಿ ಸುಪ್ತ ಸಾಮರ್ಥ್ಯ ಮತ್ತು ಪ್ರಕಟ ಸ್ಥಿತಿ ಎಂಬ ಅರಿಸ್ಟಾಟಲನ ಭೇದವನ್ನು ಬಾಯಿಪಾಠ ಮಾಡಿದ ನನಗೆ ಈ ಮರೆಯಾದ ಸುಕ್ಕು ಕಾಳಿನ ನೆನಪಾಗುತ್ತದೆ. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಅರಿಸ್ಟಾಟಲ್ ಕಾಳು ಎಣಿಸಿರಲಿಲ್ಲ.

ಆ ಅಂಶಗಳು ಎಲ್ಲಿವೆ, ಹೇಗೆ ಬೇರ್ಪಡುತ್ತವೆ ಎಂಬುದನ್ನು ಮೆಂಡೆಲ್‌ರು ಕಂಡವರಲ್ಲ. ಇಂದು ನಮಗೆ ಅದು ತಿಳಿದಿದೆ, ಆದ್ದರಿಂದ ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ನೂಲುಗಳಿವೆ. ಮನುಷ್ಯನ ಒಂದೇ ಕೋಶದ ನೂಲುಗಳನ್ನೆಲ್ಲ ಬಿಡಿಸಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಕಂಬಳಿ ನೇಯುವವರು ಉಣ್ಣೆಯ ನೂಲನ್ನು ಉಂಡೆ ಸುತ್ತುವಂತೆ, ಇದು ಪ್ರೋಟೀನಿನ ಸಣ್ಣ ಸಣ್ಣ ಗುಂಡುಗಳಿಗೆ ಸುತ್ತಿಕೊಂಡು, ಮಡಚಿ, ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಲ್ಲಿ ಅಡಗಿದೆ. ಕೋಶ ಎರಡಾಗುವ ಮುನ್ನ ಈ ಜೋಡಿ ಎಳೆಯ ನೂಲು ಬಿಚ್ಚಿಕೊಂಡು, ಒಂದೊಂದು ಹಳೆಯ ಎಳೆಯ ಪಕ್ಕದಲ್ಲೂ ಒಂದೊಂದು ಹೊಸ ಎಳೆ ಕಟ್ಟಿಕೊಳ್ಳುತ್ತದೆ. ಹಾಗೆ ಒಂದು ನೂಲು ಎರಡಾಗುತ್ತದೆ. ಎರಡರಲ್ಲೂ ಅರ್ಧ ಹಳೆಯದು, ಅರ್ಧ ಹೊಸದು. ಬಳಿಕ ನೂಲು ಬಿಗಿಯಾಗಿ ಸುರುಳಿಗೊಂಡು ಗಿಡ್ಡವಾದ ಕಡ್ಡಿಗಳಾಗಿ ಕಾಣುತ್ತದೆ. ಬಣ್ಣವನ್ನು ಚೆನ್ನಾಗಿ ಹೀರುವ ಈ ಕಡ್ಡಿಗಳಿಗೆ ವರ್ಣತಂತುಗಳೆಂದು ಹೆಸರು. ನಮ್ಮಲ್ಲಿ 46, ಮೆಕ್ಕೆಜೋಳದಲ್ಲಿ 20, ಬಟಾಣಿಯಲ್ಲಿ 14. ಮೂಲವೂ ನಕಲೂ ಒಂದು ಕಡೆ ಸೊಂಟ ಹಿಡಿದುಕೊಂಡಂತೆ ಅಂಟಿಕೊಂಡಿರುತ್ತವೆ. ಅವೆಲ್ಲ ಕೋಶದ ನಡುವೆ ಸಾಲಾಗಿ ನಿಂತಾಗ, ಎರಡು ತುದಿಗಳಿಂದ ಬಂದ ಸೂಕ್ಷ್ಮ ಹುರಿಗಳು ಮೂಲವನ್ನು ಒಂದು ಕಡೆಗೂ ನಕಲನ್ನು ಇನ್ನೊಂದು ಕಡೆಗೂ ಎಳೆದುಕೊಳ್ಳುತ್ತವೆ. ಹುಟ್ಟಿದ ಎರಡು ಕೋಶಗಳಿಗೂ ಪೂರ್ಣ ಪಾಲು. ಹಡಗಲಿಯ ಮಲ್ಲಿಗೆಯ ಕಡ್ಡಿಯನ್ನು ನೆಟ್ಟರೆ ತಾಯಿಗಿಡದ ಹೂವೇ, ಅದೇ ಪರಿಮಳದೊಂದಿಗೆ, ಬರುವುದು ಈ ವಿಭಜನೆಯಿಂದಲೇ.

ಪರಾಗ ಮತ್ತು ಅಂಡ ಹುಟ್ಟುವಾಗ ನಡೆಯುವ ವಿಭಜನೆ ಬೇರೆ. ಅಲ್ಲಿ ತಂದೆಯ ಕಡೆಯಿಂದ ಬಂದ ವರ್ಣತಂತು ತಾಯಿಯ ಕಡೆಯ ತನ್ನ ಜೊತೆಯನ್ನು ಹುಡುಕಿ ಪಕ್ಕದಲ್ಲಿ ಮಲಗುತ್ತದೆ. ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತದೆ. ನಂತರ ಜೊತೆಗಾರರು ಅಗಲಿ ಬೇರೆ ಬೇರೆ ಕೋಶಗಳಿಗೆ ಹೋಗುತ್ತಾರೆ. ಯಾರು ಯಾವ ಕಡೆಗೆ ಎಂಬುದು ನಾಣ್ಯ ಚಿಮ್ಮಿದಂತೆ. ಬಟಾಣಿಯ 14 ಹೀಗೆ 7 ಆಗುತ್ತದೆ, ಪರಾಗ ಅಂಡವನ್ನು ಸೇರಿದಾಗ ಮತ್ತೆ 14. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮುತ್ತಾ ಹೋದರೆ ನಾಲ್ಕರಲ್ಲಿ ಒಂದು ಬಾರಿ ಎರಡೂ ಸಿಂಹಮುಖಕ್ಕೆ ಬೀಳುತ್ತವೆ. ಎರಡು ಕಡೆಯಿಂದಲೂ ಸುಕ್ಕಿನ ಅಂಶವೇ ಬಂದ ಕಾಳಿನ ಲೆಕ್ಕವೂ ಅಷ್ಟೇ. ಮೆಂಡೆಲ್‌ರ ಮೂರಕ್ಕೆ ಒಂದು ಎಂಬ ಪ್ರಮಾಣ ಈ ಅಗಲಿಕೆಯ ನೆರಳು. ಹೈಬ್ರಿಡ್ ಮೆಕ್ಕೆಜೋಳದ ಮೊದಲ ಪೀಳಿಗೆ ಒಂದೇ ಸಮನಾಗಿದ್ದು, ಅದರ ಕಾಳನ್ನು ಬಿತ್ತಿದಾಗ ಹೊಲ ಚೆಲ್ಲಾಪಿಲ್ಲಿಯಾಗುವುದಕ್ಕೂ ಇದೇ ಕಾರಣ. ಕೂಡಿಸಿದ ಎರಡು ತಳಿಗಳ ಅಂಶಗಳು ಮತ್ತೆ ಅಗಲಿ, ಒಂದೊಂದು ಕಾಳಿನಲ್ಲಿ ಒಂದೊಂದು ರೀತಿಯಾಗಿ ಕೂಡಿಕೊಂಡಿರುತ್ತವೆ. ನಮ್ಮ ರೈತರ ಪ್ರಶ್ನೆಗೆ ಉತ್ತರ ಇಷ್ಟೇ.

ಈ ಅಗಲಿಕೆ ಅಪರೂಪಕ್ಕೆ ತಪ್ಪುವುದೂ ಉಂಟು. ಮನುಷ್ಯರ 21ನೆಯ ಜೋಡಿ ಸರಿಯಾಗಿ ಬೇರ್ಪಡದೆ ಮಗುವಿಗೆ ಅಲ್ಲಿ ಎರಡರ ಬದಲು ಮೂರು ಬಂದರೆ ಡೌನ್ ಸಿಂಡ್ರೋಮ್ ಉಂಟಾಗುತ್ತದೆ. 1959ರಲ್ಲಿ ಪ್ಯಾರಿಸಿನಲ್ಲಿ ಇದನ್ನು ಪ್ರಕಟಿಸಿದ ಮೂವರಲ್ಲಿ ಒಬ್ಬರು ಜೆರೋಮ್ ಲೆಜೂನ್ ಎಂಬ ಕಥೋಲಿಕ ವೈದ್ಯರು. ಮಾರ್ಥ್ ಗೋತಿಯೆ ಎಂಬ ವೈದ್ಯೆಯ ಪ್ರಯೋಗಾಲಯದ ಶ್ರಮವೂ ಅದರ ಹಿಂದಿತ್ತು. ಅಂತಹ ಮಕ್ಕಳ ತಾಯಂದಿರು ಅತ್ತೆಮನೆಯಲ್ಲಿ ಏನೆಲ್ಲ ಮಾತು ಕೇಳಬೇಕಾಗುತ್ತದೆಂದು ಪಾಪನಿವೇದನೆಯ ಪೀಠದಲ್ಲಿ ಕೂರುವ ಗುರುಗಳಿಗೆ ತಿಳಿದಿದೆ. ಅದು ಯಾರ ಪಾಪದ ಫಲವೂ ಅಲ್ಲ. ಹುಟ್ಟು ಕುರುಡನ ಬಗ್ಗೆ ಶಿಷ್ಯರು ಇದೇ ಪ್ರಶ್ನೆಯನ್ನು ಕೇಳಿದಾಗ ಯೇಸುಸ್ವಾಮಿ ಕೊಟ್ಟ ಉತ್ತರ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿದೆ.

ಮತ್ತೆ ಬ್ರನೊಗೆ ಬರೋಣ. 1865ರ ಫೆಬ್ರವರಿ 8 ಮತ್ತು ಮಾರ್ಚ್ 8ರ ಸಂಜೆಗಳಲ್ಲಿ ನಗರದ ನಿಸರ್ಗ ವಿಜ್ಞಾನ ಸಂಘದ ಸಭೆಯಲ್ಲಿ ಮೆಂಡೆಲ್‌ರು ತಮ್ಮ ಲೆಕ್ಕವನ್ನು ಓದಿದರು. ಮರುವರ್ಷ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಚ್ಚುವರಿಯಾಗಿ 40 ಪ್ರತಿಗಳನ್ನು ತರಿಸಿಕೊಂಡು ಕೆಲವನ್ನು ಹೆಸರಾಂತ ವಿದ್ವಾಂಸರಿಗೆ ಕಳುಹಿಸಿದರು. ಸಸ್ಯಶಾಸ್ತ್ರದಲ್ಲಿ ಗಣಿತವೇ ಎಂದು ಕೆಲವರು ಪಕ್ಕಕ್ಕಿಟ್ಟಿರಬೇಕು. ಉತ್ತರ ಕೊಟ್ಟವರಲ್ಲಿ ಮುಖ್ಯರು ಮ್ಯೂನಿಕ್‌ನ ಪ್ರಾಧ್ಯಾಪಕ ಕಾರ್ಲ್ ನೇಗೆಲಿ. ಅವರು ಬಟಾಣಿಯ ಲೆಕ್ಕವನ್ನು ಪೂರ್ತಿ ಒಪ್ಪಲಿಲ್ಲ. ಅವರ ಆಸಕ್ತಿಯೆಲ್ಲ ಹೈರೇಸಿಯಮ್ ಎಂಬ, ಆಂಗ್ಲರು ಹಾಕ್‌ವೀಡ್ ಎಂದು ಕರೆಯುವ ಕಾಡುಗಿಡದ ಮೇಲಿತ್ತು. ಮೆಂಡೆಲ್‌ರೂ ಆ ಗಿಡದ ಪ್ರಯೋಗವನ್ನು ಕೈಗೊಂಡಿದ್ದರು. ನೇಗೆಲಿಯವರು ಸಸಿಗಳನ್ನು ಕಳುಹಿಸಿದರು, ಪತ್ರಗಳು ಹೋಗಿ ಬಂದವು.

ನನ್ನ ಮಟ್ಟಿಗೆ ಮೆಂಡೆಲ್‌ರ ಬಾಳಿನ ತಿರುಳು ಬಟಾಣಿಯಲ್ಲಿಲ್ಲ, ಈ ಕಾಡುಗಿಡದಲ್ಲಿದೆ. ಹೈರೇಸಿಯಮ್ ಸೂರ್ಯಕಾಂತಿಯ, ಸೇವಂತಿಗೆಯ ಬಳಗದ್ದು. ನಾವು ಒಂದು ಹೂವೆನ್ನುವುದು ನಿಜವಾಗಿ ನೂರಾರು ಸಣ್ಣ ಹೂಗಳ ಗೊಂಚಲು. ಸೂರ್ಯಕಾಂತಿಯ ತಟ್ಟೆಯನ್ನು ಕಾಸಿನಗಲಕ್ಕೆ ಕುಗ್ಗಿಸಿ, ಅದರ ಒಂದೊಂದು ಎಳೆಯ ಹೂವಿನಿಂದ ಕೇಸರವನ್ನು ತೆಗೆಯಬೇಕೆಂದರೆ ಆ ಶ್ರಮ ಎಂತಹದೆಂದು ಊಹಿಸಿ. ಕನ್ನಡಿಯಿಂದ ಬೆಳಕು ಹಾಯಿಸಿ, ಮಸೂರ ಹಿಡಿದು ಕುಳಿತ ಮೆಂಡೆಲ್‌ರ ಕಣ್ಣುಗಳು 1869ರ ಬೇಸಿಗೆಯಲ್ಲಿ ದಣಿದು ಹೋಗಿ, ತಿಂಗಳುಗಟ್ಟಲೆ ಕೆಲಸವನ್ನೇ ನಿಲ್ಲಿಸಬೇಕಾಯಿತು. ಅಷ್ಟು ಕಷ್ಟಪಟ್ಟು ಪಡೆದ ಸಂಕರ ಗಿಡಗಳು ಬಟಾಣಿಯ ನಿಯಮಕ್ಕೆ ತದ್ವಿರುದ್ಧವಾಗಿ ನಡೆದವು. ಒಂದೇ ಪೀಳಿಗೆಯ ಎಲ್ಲ ಗಿಡಗಳೂ ಒಂದೇ ಸಮನಾಗಿರಬೇಕಾದಲ್ಲಿ ಬೇರೆ ಬೇರೆಯಾಗಿದ್ದವು; ಮುಂದಿನ ಪೀಳಿಗೆಯಲ್ಲಿ ಗುಣಗಳು ಅಗಲಬೇಕಾದಲ್ಲಿ ಅಗಲದೆ ಪ್ರತಿ ಗಿಡವೂ ತಾಯಿಯನ್ನೇ ಹೋಲುವ ಮಕ್ಕಳನ್ನು ಕೊಟ್ಟಿತು. ಎಂಟು ವರ್ಷದ ಬಟಾಣಿಯ ಲೆಕ್ಕವನ್ನು ನಿರಾಕರಿಸುವ ಸಾಕ್ಷಿ ತಮ್ಮದೇ ತೋಟದಲ್ಲಿ, ತಮ್ಮದೇ ಕೈಯಿಂದ ಹುಟ್ಟಿತು. ಅದನ್ನು ಬಚ್ಚಿಡುವುದು ಸುಲಭವಿತ್ತು, ಕೇಳುವವರೂ ಇರಲಿಲ್ಲ. 1869ರ ಜೂನ್ 9ರಂದು ಮೆಂಡೆಲ್‌ರು ಅದೇ ಸಂಘದ ಸಭೆಯಲ್ಲಿ ಎದ್ದು ನಿಂತು, ಈ ಗಿಡ ಬಟಾಣಿಯಂತೆ ನಡೆಯುತ್ತಿಲ್ಲವೆಂದು ಓದಿ ಹೇಳಿದರು. ಅದೂ 1870ರಲ್ಲಿ ಅಚ್ಚಾಯಿತು.

ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಷರ್ 1936ರಲ್ಲಿ, ಮೆಂಡೆಲ್‌ರ ಬಟಾಣಿಯ ಲೆಕ್ಕ ಅತಿಯಾಗಿ ಸರಿಯಾಗಿದೆ, ಆಕಸ್ಮಿಕದ ಏರಿಳಿತ ಇರಬೇಕಾದಷ್ಟು ಇಲ್ಲ ಎಂದು ತೋರಿಸಿದರು. ಫಲಿತಾಂಶ ಏನಾಗಬೇಕೆಂದು ತಿಳಿದಿದ್ದ ಸಹಾಯಕನೊಬ್ಬ ತಿದ್ದಿರಬಹುದೆಂದು ಅವರ ಊಹೆ. ಇದರ ಬಗ್ಗೆ ವಿದ್ವಾಂಸರ ವಾದ ಹಲವು ದಶಕ ನಡೆದಿದೆ. ಅಂಚಿನ ಕಾಳುಗಳನ್ನು ಈ ಕಡೆಗೋ ಆ ಕಡೆಗೋ ಎಣಿಸುವಾಗ ಯಾರ ಕಣ್ಣೂ ಪೂರ್ಣ ನಿಷ್ಪಕ್ಷಪಾತಿಯಲ್ಲ. ಸಂತರನ್ನಾಗಿ ಮಾಡಲು ಹೊರಟು ನಾವು ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಲೆಕ್ಕವನ್ನು ತಿದ್ದುವ ಮನಸ್ಸಿನವರು ಹೈರೇಸಿಯಮ್‌ನ ಲೇಖನವನ್ನು ಅಚ್ಚಿಗೆ ಕೊಡುತ್ತಿರಲಿಲ್ಲ ಎಂಬುದು ನನ್ನ ತೀರ್ಮಾನ.

ನಡುವೆ 1867ರಲ್ಲಿ ನಾಪ್ ತೀರಿಕೊಂಡು, 1868ರಲ್ಲಿ ಸಹೋದರರು ಮೆಂಡೆಲ್‌ರನ್ನೇ ಮಠಾಧಿಪತಿಯಾಗಿ ಆರಿಸಿದ್ದರು. ಮಠದ ಜಮೀನು, ಶಾಲೆ, ಬ್ಯಾಂಕಿನ ಆಡಳಿತ ಇವೆಲ್ಲ ತಲೆಯ ಮೇಲೆ ಬಂದವು. ಗುಡ್ಡದ ಗಿಡಗಳನ್ನು ಹುಡುಕಿ ಹೋಗಲು ದೇಹದ ಭಾರವೂ ಅಡ್ಡಿಯಾಯಿತು. ಜೇನುಗೂಡುಗಳನ್ನೂ ಹವಾಮಾನದ ದಿನಚರಿಯನ್ನೂ ಅವರು ಬಿಡಲಿಲ್ಲ. 1870ರ ಅಕ್ಟೋಬರ್‌ನಲ್ಲಿ ಬ್ರನೊ ನಗರದ ಮೇಲೆ ಬೀಸಿದ ಸುಂಟರಗಾಳಿಯನ್ನು ನಿಖರವಾಗಿ ವರ್ಣಿಸಿ ಬರೆದಿದ್ದಾರೆ. 1874ರಲ್ಲಿ ಸರ್ಕಾರ ಮಠಗಳ ಮೇಲೆ ಹೊಸ ತೆರಿಗೆ ಹೇರಿತು. ಮೆಂಡೆಲ್‌ರು ಅದು ಅನ್ಯಾಯವೆಂದು ಕೊಡಲೊಪ್ಪಲಿಲ್ಲ. ಸರ್ಕಾರ ಮಠದ ಆದಾಯವನ್ನು ಜಪ್ತಿ ಮಾಡಿತು. ಬೇರೆ ಮಠಗಳು ರಾಜಿಯಾದವು. ಇವರು ಸಾಯುವವರೆಗೂ ಅರ್ಜಿ ಬರೆಯುತ್ತಲೇ ಇದ್ದರು. ಕೆಲವರು ಇದನ್ನು ಧೀರತನವೆನ್ನುತ್ತಾರೆ. ಹತ್ತು ವರ್ಷ ಸಹೋದರರ ನೆಮ್ಮದಿಯನ್ನು ಕಲಕಿದ ಹಠವೆಂದೇ ನನಗೆ ತೋರುತ್ತದೆ. ಬಟಾಣಿಯ ತೋಟದಲ್ಲಿ ಇದ್ದದ್ದೂ ಅದೇ ಹಠವಲ್ಲವೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ಅವರು ತೀರಿಕೊಂಡರು. ಆಗ ಅವರಿಗೆ 61 ವರ್ಷ. ಮಠದ ಗಾಯನ ಶಾಲೆಯಲ್ಲಿ ಹುಡುಗನಾಗಿ ಕಲಿತಿದ್ದ, ಮುಂದೆ ಜಗದ್ವಿಖ್ಯಾತ ಸಂಗೀತಗಾರನಾದ ಲೆಯೋಷ್ ಯಾನಾಚೆಕ್ ಅಂತ್ಯಕ್ರಿಯೆಯ ಪೂಜೆಯ ಸಂಗೀತವನ್ನು ನಡೆಸಿದರು. ಬಡವರು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದರು. ವಿಜ್ಞಾನಿಯೊಬ್ಬರನ್ನು ಹೂಳುತ್ತಿದ್ದೇವೆಂದು ಅಲ್ಲಿದ್ದವರಲ್ಲಿ ಬಹುತೇಕ ಯಾರಿಗೂ ತಿಳಿದಿರಲಿಲ್ಲ. ಅವರ ಕಾಗದಪತ್ರಗಳಲ್ಲಿ ಬಹುಪಾಲು ಸುಟ್ಟುಹೋದವು. ಅದೇ ವರ್ಷ ಪ್ರಕಟವಾದ ನೇಗೆಲಿಯವರ ಅನುವಂಶೀಯತೆಯ ದೊಡ್ಡ ಗ್ರಂಥದಲ್ಲಿ ಮೆಂಡೆಲ್‌ರ ಹೆಸರೇ ಇಲ್ಲ.

ವಿಚಿತ್ರವೆಂದರೆ ಮೆಂಡೆಲ್‌ರು ತೆರಿಗೆಯ ಅರ್ಜಿ ಬರೆಯುತ್ತಿದ್ದ ವರ್ಷಗಳಲ್ಲೇ ಅವರ ಅಂಶಗಳ ಮನೆ ಬೇರೆಯವರ ಕಣ್ಣಿಗೆ ಬೀಳತೊಡಗಿತ್ತು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಕೋಶ ವಿಭಜನೆಯ ಹಂತಗಳನ್ನು ಚಿತ್ರಸಹಿತ ಪ್ರಕಟಿಸಿದರು. ಬೆಲ್ಜಿಯಂನ ವಾನ್ ಬೆನೆಡೆನ್ 1883ರಲ್ಲಿ ಅಂಡದಲ್ಲಿಯೂ ವೀರ್ಯದಲ್ಲಿಯೂ ವರ್ಣತಂತುಗಳ ಸಂಖ್ಯೆ ಅರ್ಧವಿರುವುದನ್ನು ಕಂಡರು. ಬೆಲ್ಜಿಯಂನ ಲೂವೆನ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಜಾನ್ ಬಾಪ್ಟಿಸ್ಟ್ ಕಾರ್ನ್ವಾ ಎಂಬ ಯಾಜಕರು ಕೋಶಗಳ ಅಧ್ಯಯನಕ್ಕೆ ಒಂದು ಶಾಲೆಯನ್ನೇ ಕಟ್ಟಿದರು. ಕೋಶವನ್ನು ಕೆಡದಂತೆ ಹಿಡಿದಿಡುವ ಅವರ ಹೆಸರಿನ ದ್ರಾವಣವನ್ನು ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ. ಅವರ ಶಿಷ್ಯರೂ ಯಾಜಕರೂ ಆದ ಫ್ರಾನ್ಸ್ ಯಾನ್ಸೆನ್ಸ್ 1909ರಲ್ಲಿ, ಅಗಲುವ ಮುನ್ನ ಜೊತೆಗಾರ ವರ್ಣತಂತುಗಳು ಒಂದರ ಮೇಲೊಂದು ಅಡ್ಡಹಾಯ್ದು ತುಂಡುಗಳನ್ನು ಬದಲಿಸಿಕೊಳ್ಳುತ್ತವೆಂದು ವಾದಿಸಿದರು. ಅಮೆರಿಕದ ಮಾರ್ಗನ್ ತಮ್ಮ ಹಣ್ಣಿನ ನೊಣಗಳ ಲೆಕ್ಕವನ್ನು ವಿವರಿಸಲು ಇದನ್ನೇ ಆಧಾರವಾಗಿ ಹಿಡಿದರು. ಧರ್ಮಸಭೆಗೂ ವಿಜ್ಞಾನಕ್ಕೂ ಹಗೆ ಎಂದು ಕಾಲೇಜಿನಲ್ಲಿ ಕೇಳಿ ಬರುವ ನಮ್ಮ ಮಕ್ಕಳು ಮೆಂಡೆಲ್‌ರ ಜೊತೆಗೆ ಈ ಎರಡು ಹೆಸರುಗಳನ್ನೂ ನೆನಪಿಡಲಿ.

1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯದ ಚೆರ್ಮಾಕ್ ಬೇರೆ ಬೇರೆಯಾಗಿ ದುಡಿದು ಮೆಂಡೆಲ್‌ರ ಲೇಖನದ ಬಳಿಗೆ ಬಂದು ನಿಂತರು. ಎರಡು ಮೂರು ವರ್ಷಗಳಲ್ಲಿ ಅಮೆರಿಕದ ಸಟ್ಟನ್, ಜರ್ಮನಿಯ ಬೊವೇರಿ ಇಬ್ಬರೂ ಮೆಂಡೆಲ್‌ರ ಅಂಶಗಳ ಅಗಲಿಕೆಗೂ ವರ್ಣತಂತುಗಳ ಅಗಲಿಕೆಗೂ ಇರುವ ಹೊಂದಾಣಿಕೆಯನ್ನು ತೋರಿಸಿದರು. ಸುಕ್ಕು ಕಾಳಿನ ಕಾರಣವೂ 1990ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಬಯಲಾಯಿತು: ಪಿಷ್ಟವನ್ನು ಕಟ್ಟುವ ಒಂದು ಜೀನಿನ ನಡುವೆ ಬೇರೊಂದು ಡಿ.ಎನ್.ಎ. ತುಂಡು ಬಂದು ಕುಳಿತದ್ದರಿಂದ ಕಾಳಿನಲ್ಲಿ ಸಕ್ಕರೆ ನೀರು ಹೆಚ್ಚಾಗಿ, ಒಣಗುವಾಗ ಸುಕ್ಕುಗಟ್ಟುತ್ತದೆ. ಬ್ರನೊದಲ್ಲಿ ಅಗಸ್ಟೀನರ ಸಭೆಯವರ ಸಮಾಧಿಯಿಂದ ಮೆಂಡೆಲ್‌ರ ಅಸ್ಥಿಗಳನ್ನು 2021ರಲ್ಲಿ ತೆಗೆದು, ಅವರದೇ ಡಿ.ಎನ್.ಎ.ಯನ್ನೂ ಓದಿದ್ದಾರೆ.

ಕಾಡುಗಿಡದ ಒಗಟು ಬಿಡಿಸಿದ್ದು 1903ರಲ್ಲಿ. ಡೆನ್ಮಾರ್ಕಿನ ರೌಂಕಿಯರ್ ಮತ್ತು ಓಸ್ಟೆನ್‌ಫೆಲ್ಡ್ ಹೈರೇಸಿಯಮ್ ಬಳಗದ ಗಿಡಗಳ ಮೊಗ್ಗಿನ ತಲೆಯನ್ನು ಅಲುಗಿನಿಂದ ಕತ್ತರಿಸಿ, ಕೇಸರ ಶಲಾಕೆಗಳೆರಡನ್ನೂ ತೆಗೆದುಹಾಕಿದರು. ಪರಾಗ ತಾಗಲು ದಾರಿಯೇ ಇಲ್ಲದ ಆ ಹೂಗಳು ಬೀಜ ಕಟ್ಟಿದವು. ಈ ಗಿಡದಲ್ಲಿ ಅನೇಕ ಬೀಜಗಳು ವರ್ಣತಂತುಗಳ ಅಗಲಿಕೆಯಿಲ್ಲದೆಯೇ, ತಂದೆಯ ಪಾಲಿಲ್ಲದೆಯೇ, ತಾಯಿಯ ಕೋಶದಿಂದ ನೇರವಾಗಿ ಬೆಳೆಯುತ್ತವೆ. ನಮ್ಮ ಕೊಡಗಿನ ಕಿತ್ತಳೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದನ್ನು ಕಂಡವರಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಇದೇ ರೀತಿ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಜೋಡಿ ಅಗಲುವುದೇ ಇಲ್ಲವೆಂದ ಮೇಲೆ ಮೂರಕ್ಕೆ ಒಂದು ಬರುವುದಾದರೂ ಹೇಗೆ? ಮೆಂಡೆಲ್‌ರು ಎರಡು ಗಿಡಗಳಲ್ಲಿ ಕಂಡ ಎರಡೂ ಫಲಗಳು ನಿಜವಾಗಿದ್ದವು.

ಇದೆಲ್ಲ ಇಷ್ಟು ವಿವರವಾಗಿ ತಿಳಿದದ್ದು, ಮಠದಲ್ಲಿ ಸುಟ್ಟುಹೋದ ಕಾಗದಗಳ ನಡುವೆಯೂ ಮ್ಯೂನಿಕ್‌ನಲ್ಲಿ ಉಳಿದಿದ್ದ 10 ಪತ್ರಗಳಿಂದ. ನೇಗೆಲಿಯವರ ಶಿಷ್ಯರೇ ಆಗಿದ್ದ ಕೊರೆನ್ಸ್ ಅವುಗಳನ್ನು 1905ರಲ್ಲಿ ಅಚ್ಚು ಹಾಕಿಸಿದರು. ದಣಿದ ಕಣ್ಣುಗಳ ಸಂಗತಿಯೂ ಅವುಗಳಲ್ಲೇ ಇದೆ. ಕೊನೆಯ ಪತ್ರದ ದಿನಾಂಕ 1873ರ ನವೆಂಬರ್. ಗಿಡಗಳಿಗೆ ಕೊಡಲು ಸಮಯ ಉಳಿದಿಲ್ಲವೆಂಬ ಕೊರಗು ಅದರಲ್ಲಿದೆ.